‘ಹೌಸ್ ಆಫ್ ದಿ ಡ್ರ್ಯಾಗನ್’ ಮೂರನೆಯ ಸೀಸನ್‌ಗೆ ಕಾಯಬೇಕೇ, ಬಿಡಬೇಕೇ?

‘ಗೇಮ್ ಆಫ್ ಥ್ರೋನ್ಸ್’ ಕಥೆಗೂ ಹಿಂದಿನ ಕಾಲದ ಈ ಇಂಗ್ಲಿಷ್ ಟಿವಿ ಸರಣಿಯ ಮೊದಲ ಸೀಸನ್ ನೋಡಿ ಮೆಚ್ಚಿದ್ದೀರಿ, ಎರಡನೆಯದನ್ನು ಎಲ್ಲರೂ ಬೈಯುತ್ತಿದ್ದಾರೆ ಎಂದು ಮುಟ್ಟಲಿಲ್ಲ, ಈಗ ಮೂರನೆಯದು ಬರುತ್ತಿದೆ ಎಂದಾಗ ಏನು ಮಾಡುವುದು ಎಂದು ಕೇಳಿದ್ದೀರಿ. ನೋಡಿ ಎನ್ನುವುದು ನನ್ನ ಉತ್ತರ. ಆದರೆ ಬೈಯುವವರ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಎಂದು ಹೇಳದೆ ಬರೀ ‘ನೋಡಿ’ ಎಂದರೆ ನಿಮ್ಮ ಎಂಟು ಗಂಟೆಗೆ ನಾನು ಬೆಲೆ ಕೊಡದಂತಾಗುತ್ತದೆ.

ನಾನು ಕಲಬುರಗಿಯವಳು, ತೊಗರಿಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಅಮೆರಿಕದಲ್ಲಿ ಭಾನುವಾರ ರಾತ್ರಿ ಬರುವ ಕಂತು ನಮಗೆ ಸೋಮವಾರ ಬೆಳಿಗ್ಗೆ ಆರೂವರೆಗೆ ಸಿಗುತ್ತಿತ್ತು. ಅದು ನಮ್ಮ ಮನೆಯಲ್ಲಿ ರೊಟ್ಟಿಯ ಹೊತ್ತು. ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿ ಇಟ್ಟು ಅಡುಗೆಮನೆಯಲ್ಲಿಯೇ ಕುಳಿತು ನೋಡುತ್ತಿದ್ದೆ. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ರೊಟ್ಟಿ ಬಡಿಯುತ್ತಲೇ ಆಗೊಮ್ಮೆ ಈಗೊಮ್ಮೆ ತಲೆಯೆತ್ತಿ ನೋಡುತ್ತಿದ್ದಳು. ಯಾರು ಯಾರ ಮಗ, ಯಾರು ಯಾರ ಹೆಂಡತಿ ಎಂದು ನಾನು ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದೆ. ಡ್ರ್ಯಾಗನ್‌ಗೆ ಅವಳು ಮೊದಲ ದಿನವೇ ಘಟಸರ್ಪ ಎಂದು ಹೆಸರಿಟ್ಟಳು. ಹೆಚ್ಚೇನೂ ಬೆರಗಾಗಲಿಲ್ಲ. ಅವಳು ಬೆರಗಾದದ್ದು ಬೇರೆ ಕಡೆ.

ಮೊದಲ ಸೀಸನ್ನಿನ ಎಂಟನೆಯ ಕಂತು ನಿಮಗೆ ನೆನಪಿರಬಹುದು. ವಿಸೆರಿಸ್ ಅರಸನ ಮೈಯೆಲ್ಲ ಕೊಳೆತಿದೆ, ಮುಖದ ಅರ್ಧಕ್ಕೆ ಚಿನ್ನದ ಮುಖವಾಡ. ಮಗಳು ರೆನೀರಾಳ ಪರವಾಗಿ ನಿಲ್ಲಲು ಯಾರೂ ಇಲ್ಲದ ಆಸ್ಥಾನಕ್ಕೆ ಅವನು ಕೋಲೂರಿಕೊಂಡು ಬರುತ್ತಾನೆ. ಸಿಂಹಾಸನದ ಮೆಟ್ಟಿಲ ಹತ್ತಿರ ಕಿರೀಟ ಜಾರಿ ಬೀಳುತ್ತದೆ. ಜೀವನವಿಡೀ ಅದೇ ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದ ತಮ್ಮ ಡೇಮನ್ ಅದನ್ನು ಎತ್ತಿ, ಅಣ್ಣನನ್ನು ತೋಳು ಹಿಡಿದು ಕೂರಿಸಿ, ತಲೆಗಿಡುತ್ತಾನೆ. ರೊಟ್ಟಿ ಬಡಿಯುವ ಸದ್ದು ನಿಂತದ್ದು ನನಗೆ ಆಮೇಲೆ ತಿಳಿಯಿತು. ಅವ್ವನ ಅಂಗೈ ಹಿಟ್ಟಿನ ಮೇಲೆ ಹಾಗೆಯೇ ಇತ್ತು. “ಅವನು ತಮ್ಮನೇ?” ಎಂದು ಕೇಳಿದಳು. ಹೌದು ಎಂದೆ. ಹಂಚಿನ ಮೇಲಿನ ರೊಟ್ಟಿ ಒಂದು ಬದಿ ಕಪ್ಪಾಯಿತು, ಇಬ್ಬರೂ ಎಬ್ಬಿಸಲಿಲ್ಲ.

ಕಿರೀಟ ಬಿದ್ದದ್ದು ಚಿತ್ರೀಕರಣದಲ್ಲಿ ಆಕಸ್ಮಿಕವಾಗಿ ನಡೆದದ್ದು, ಅದನ್ನೇ ಉಳಿಸಿಕೊಂಡರು ಎಂದು ಆಮೇಲೆ ಓದಿದೆ. ನಿರ್ದೇಶಿಸಿದವರು ಭಾರತೀಯ ಮೂಲದ ಗೀತಾ ವಸಂತ್ ಪಟೇಲ್. ಆ ದೃಶ್ಯದಲ್ಲಿ ಒಂದೂ ಡ್ರ್ಯಾಗನ್ ಹಾರುವುದಿಲ್ಲ. ಈ ಸರಣಿಯ ಶಕ್ತಿ ಇರುವುದು ಅಲ್ಲಿಯೇ, ಪಟ್ಟಕ್ಕಾಗಿ ಒಂದು ಮನೆಯವರು ಒಬ್ಬರನ್ನೊಬ್ಬರು ಪ್ರೀತಿಸುತ್ತಲೇ ಹಾಳುಮಾಡಿಕೊಳ್ಳುವುದರಲ್ಲಿ. ಎರಡನೆಯ ಸೀಸನ್ನಿಗೆ ಸಿಟ್ಟಾದವರಲ್ಲಿ ಬಹಳ ಮಂದಿ ಘಟಸರ್ಪಗಳ ಯುದ್ಧ ಬರಲಿಲ್ಲ ಎಂದು ಸಿಟ್ಟಾದರು. ನನ್ನ ದೂರು ಅದಲ್ಲ.

ನಾನು ಹೀಗೆ ಯೋಚಿಸುವುದಕ್ಕೆ ನನ್ನ ಊರೂ ಒಂದು ಕಾರಣ. ಊರಿನ ಪೂರ್ವಕ್ಕೆ ಬಹಮನಿ ಮನೆತನದ ಸಮಾಧಿಗಳಿರುವ ಸಪ್ತ ಗುಂಬಜ್ ಇದೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಜೋಡಿ ಗುಮ್ಮಟದ್ದು, ಫಿರೋಜ್ ಶಾಹನದು. ಅವನು 1397ರಲ್ಲಿ ಪಟ್ಟಕ್ಕೆ ಬಂದ. ಅದೇ ವರ್ಷ ಅವನಿಗಿಂತ ಮುಂಚೆ ಇಬ್ಬರು ಆ ಗಾದಿಯ ಮೇಲೆ ಕುಳಿತು ಇಳಿದಿದ್ದರು. ಒಬ್ಬನ ಕಣ್ಣು ಕೀಳಿಸಲಾಗಿತ್ತು. ಇಪ್ಪತ್ತೈದು ವರ್ಷ ಆಳಿದ ಮೇಲೆ ಫಿರೋಜನಿಗೆ ತನ್ನ ಮಗ ಹಸನ್ ಖಾನನಿಗೆ ಪಟ್ಟ ಕಟ್ಟಬೇಕೆಂಬ ಆಸೆ. ಸೂಫಿ ಸಂತ ಬಂದೇ ನವಾಜರು ಹರಸಿದ್ದು ಮಗನನ್ನಲ್ಲ, ತಮ್ಮ ಅಹಮದನನ್ನು ಎಂದು ಇತಿಹಾಸಕಾರರು ಬರೆದಿದ್ದಾರೆ. 1422ರಲ್ಲಿ ಗಾದಿ ತಮ್ಮನ ಪಾಲಾಯಿತು, ಮುಂದೆ ರಾಜಧಾನಿಯೂ ಬೀದರಿಗೆ ಹೋಯಿತು. ಫಿರೋಜ್ ಅದೇ ವರ್ಷ ತೀರಿಕೊಂಡ. ಕಾಯಿಲೆಯಿಂದ ಸತ್ತನೋ, ಕೊಲ್ಲಿಸಿದರೋ ಎಂಬುದಕ್ಕೆ ಬರೆದವರೆಲ್ಲರ ಉತ್ತರ ಒಂದೇ ಅಲ್ಲ.

ಈಗ ಸರಣಿಗೆ ಬನ್ನಿ. ಇದಕ್ಕೆ ಆಧಾರವಾದದ್ದು ಜಾರ್ಜ್ ಆರ್. ಆರ್. ಮಾರ್ಟಿನ್ 2018ರಲ್ಲಿ ಪ್ರಕಟಿಸಿದ ‘ಫೈರ್ ಆ್ಯಂಡ್ ಬ್ಲಡ್’. ಅದು ಕಾದಂಬರಿಯ ರೂಪದಲ್ಲಿಲ್ಲ, ಯಾರೋ ಪಂಡಿತನೊಬ್ಬ ಬಹುಕಾಲದ ನಂತರ ಬರೆದ ಇತಿಹಾಸದ ರೂಪದಲ್ಲಿದೆ. ಒಂದೇ ಘಟನೆಯನ್ನು ಧರ್ಮಗುರು ಒಂದು ಬಗೆಯಲ್ಲಿ, ಆಸ್ಥಾನದ ವಿದೂಷಕ ಇನ್ನೊಂದು ಬಗೆಯಲ್ಲಿ ಹೇಳುತ್ತಾನೆ. ಸತ್ಯ ಯಾವುದೆಂದು ಓದುವವರು ನಿರ್ಧರಿಸಬೇಕು. ಕಲ್ಯಾಣದ ನೆಲದವರಿಗೆ ಇದು ಹೊಸದಲ್ಲ. ಅಣ್ಣ ಸೋಮೇಶ್ವರನನ್ನು ಕೆಳಗಿಳಿಸಿ 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನ ಕಥೆ ನಮಗೆ ಹೆಚ್ಚಾಗಿ ಬಂದಿರುವುದು ಅವನದೇ ಆಸ್ಥಾನದ ಕವಿ ಬಿಲ್ಹಣನ ಬಾಯಿಂದ. ಅದರಲ್ಲಿ ತಪ್ಪೆಲ್ಲ ಅಣ್ಣನದೇ. ಸೋತ ಅಣ್ಣನ ಕಡೆಯ ಮಾತು ಬರೆದಿಡಲು ಯಾರೂ ಇರಲಿಲ್ಲ. ರೆನೀರಾಳ ‘ಕಪ್ಪು’ ಪಕ್ಷ ಸರಿಯೋ, ಅವಳ ಮಲತಮ್ಮ ಏಗಾನನ ‘ಹಸಿರು’ ಪಕ್ಷ ಸರಿಯೋ ಎಂದು ಜನ ವಾದಿಸುವಾಗಲೆಲ್ಲ ನನಗೆ ಆ ಅಣ್ಣ ನೆನಪಾಗುತ್ತಾನೆ.

ಎರಡನೆಯ ಸೀಸನ್ 2024ರ ಜೂನ್ 16ರಿಂದ ಆಗಸ್ಟ್ 4ರವರೆಗೆ ಬಂತು. ಮೊದಲನೆಯದರಲ್ಲಿ ಹತ್ತು ಕಂತು, ಇದರಲ್ಲಿ ಎಂಟೇ. ಬೀದರಿನಲ್ಲಿರುವ ನನ್ನ ಚಿಗವ್ವನ ಮಗ ಕೊನೆಯ ಕಂತು ಮುಗಿದ ಕೂಡಲೇ ಫೋನ್ ಮಾಡಿ ಅರ್ಧ ಗಂಟೆ ಸಿಟ್ಟು ತೋಡಿಕೊಂಡ. ಹಡಗು ಹೊರಟವು, ಸೈನ್ಯ ಹೊರಟಿತು, ಘಟಸರ್ಪಗಳು ಸಜ್ಜಾದವು, ಪರದೆ ಬಿತ್ತು, ಎರಡು ವರ್ಷ ಕಾದದ್ದು ಇದಕ್ಕಾಗಿಯೇ ಎಂದ. ಡೇಮನ್ ಹ್ಯಾರೆನ್‌ಹಾಲ್ ಕೋಟೆಯಲ್ಲಿ ಕಂತಿನ ಮೇಲೆ ಕಂತು ಕನಸು ಕಾಣುತ್ತ ಕುಳಿತದ್ದು ಅವನಿಗೆ ಇನ್ನೂ ಸಿಟ್ಟು ತರಿಸಿತ್ತು. ಕೊನೆಯ ಕಂತಿನ ವಿಷಯದಲ್ಲಿ ಅವನು ಹೇಳಿದ್ದು ಪೂರ್ತಿ ಸರಿ. ಕಾಯಿ ತುಂಬಿದ ತೊಗರಿಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟು ಮನೆಗೆ ಹೋದಂತೆ ಆ ಸೀಸನ್ ಮುಗಿಯುತ್ತದೆ. ಹ್ಯಾರೆನ್‌ಹಾಲ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಆ ಕನಸುಗಳು ಎರಡು ಕಂತಿನಲ್ಲಿ ಮುಗಿಯಬೇಕಿತ್ತು ನಿಜ, ಆದರೆ ಅಣ್ಣನ ಕಿರೀಟ ಎತ್ತಿಕೊಟ್ಟವನು ಅಣ್ಣನ ನೆನಪಿನ ಜೊತೆ ಜಗಳವಾಡದೆ ಮುಂದೆ ಹೋಗುವುದು ಹೇಗೆ?

ಯಾದಗಿರಿಯ ನನ್ನ ಗೆಳತಿಯದು ಬೇರೆಯೇ ಲೆಕ್ಕ. ಸರಣಿ ಪೂರ್ತಿ ಮುಗಿಯುವವರೆಗೆ ಅವಳು ಒಂದು ಕಂತನ್ನೂ ನೋಡುವುದಿಲ್ಲವಂತೆ. ‘ಗೇಮ್ ಆಫ್ ಥ್ರೋನ್ಸ್’ ಅವಳನ್ನು ಹಾಗೆ ಸುಟ್ಟಿದೆ. 2011ರಿಂದ 2019ರವರೆಗೆ ಎಂಟು ಸೀಸನ್, 73 ಕಂತು, ಕೊನೆಗೆ ಆರೇ ಕಂತಿನಲ್ಲಿ ಎಲ್ಲವನ್ನೂ ಅವಸರದಿಂದ ಮುಗಿಸಿದರು. ಕೊನೆಯ ಸೀಸನ್ನನ್ನು ಮತ್ತೆ ತೆಗೆಯಿರಿ ಎಂಬ ಮನವಿಗೆ ಅಂತರ್ಜಾಲದಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಅವಳೂ ಹಾಕಿದ್ದಳು. ಅವಳ ಭಯವನ್ನು ನಾನು ತಳ್ಳಿಹಾಕಲಾರೆ. ಆದರೆ ಈ ಸಲ ಒಂದು ಧೈರ್ಯವಿದೆ: ಆ ಸರಣಿ ಪುಸ್ತಕವನ್ನು ದಾಟಿ ಮುಂದೆ ಹೋಗಿತ್ತು, ಈ ಕಥೆಯ ಅಂತ್ಯ ಪುಸ್ತಕದಲ್ಲಿ ಆಗಲೇ ಇದೆ. ಒಟ್ಟು ನಾಲ್ಕು ಸೀಸನ್ನಿಗೆ ಮುಗಿಸುವುದಾಗಿ ಸರಣಿಯ ಹೊಣೆ ಹೊತ್ತ ರಯಾನ್ ಕೊಂಡಾಲ್ ಎರಡನೆಯ ಸೀಸನ್ ಮುಗಿದ ಹೊತ್ತಿನಲ್ಲಿಯೇ ಹೇಳಿದ್ದಾರೆ.

ಇನ್ನು ನನ್ನ ದೂರು. ಎರಡನೆಯ ಸೀಸನ್ನಿನ ಮೊದಲ ಕಂತಿನ ಕೊನೆಯಲ್ಲಿ ನಡೆಯುವ ಒಂದು ಘಟನೆಯನ್ನು ಹೇಳಲೇಬೇಕು, ಕ್ಷಮಿಸಿ. ಇಬ್ಬರು ಹಂತಕರು ಅರಮನೆಗೆ ನುಗ್ಗಿ ಏಗಾನನ ರಾಣಿ ಹೆಲೇನಾಳ ಮಗುವನ್ನು ಕೊಲ್ಲುತ್ತಾರೆ. ಪುಸ್ತಕದಲ್ಲಿ ಅವಳಿಗೆ ಇಬ್ಬರು ಗಂಡುಮಕ್ಕಳು. ಯಾರು ಸಾಯಬೇಕೆಂದು ತಾಯಿಯೇ ಹೇಳಬೇಕು ಎಂದು ಅವರು ಹಟ ಹಿಡಿಯುತ್ತಾರೆ. ಅವಳು ಚಿಕ್ಕವನ ಹೆಸರು ಹೇಳುತ್ತಾಳೆ, ಅವರು ದೊಡ್ಡವನನ್ನು ಕೊಲ್ಲುತ್ತಾರೆ. ಉಳಿದ ಮಗುವಿನ ಮುಖ ನೋಡಿದಾಗಲೆಲ್ಲ ಆ ತಾಯಿಗೆ ಏನಾಗಬೇಡ! ಸರಣಿಯಲ್ಲಿ ಆ ಚಿಕ್ಕವನೇ ಇಲ್ಲ. ಅವಳಿ ಮಕ್ಕಳಲ್ಲಿ ಗಂಡು ಯಾವುದು ಎಂದು ಮಾತ್ರ ಅವಳು ತೋರಿಸುತ್ತಾಳೆ. ಮಾರ್ಟಿನ್ 2024ರ ಸೆಪ್ಟೆಂಬರಿನಲ್ಲಿ ಇದನ್ನೇ ಎತ್ತಿ, ಸಣ್ಣ ಮಗುವೊಂದನ್ನು ಕಥೆಯಿಂದ ತೆಗೆದರೆ ಮುಂದೆ ಎಷ್ಟೆಲ್ಲ ಎಳೆ ಕಡಿದುಹೋಗುತ್ತವೆ ಎಂದು ತಮ್ಮ ಬ್ಲಾಗಿನಲ್ಲಿ ಬರೆದರು. ಬರಹ ಸ್ವಲ್ಪ ಹೊತ್ತಿನಲ್ಲೇ ಕಾಣೆಯಾಯಿತು. ನಾನು ಅವರ ಪಕ್ಷ. ಯುದ್ಧ ತಡವಾದರೆ ಮುಂದಿನ ಸೀಸನ್ನಿನಲ್ಲಿ ತೋರಿಸಬಹುದು, ಒಬ್ಬ ತಾಯಿಯ ಸಂಕಟವನ್ನು ತೆಳು ಮಾಡಿದರೆ ಮತ್ತೆ ತುಂಬಲು ಬರುವುದಿಲ್ಲ.

ಇಷ್ಟಾದರೂ ಎರಡನೆಯ ಸೀಸನ್ ನೋಡಿ ಎನ್ನುವುದಕ್ಕೆ ನನಗೆ ಬಲವಾದ ಕಾರಣವಿದೆ, ಅದನ್ನು ಹೆಚ್ಚು ಜನ ಹೇಳಿದ್ದು ಕಾಣಲಿಲ್ಲ. ಮೊದಲ ಸೀಸನ್ನಿನಲ್ಲಿ ಊಟದ ಮೇಜು, ಹಾಸಿಗೆ, ಹೆರಿಗೆಯ ಕೋಣೆ ಎಲ್ಲವೂ ಅರಮನೆಯವೇ. ಎರಡನೆಯದರಲ್ಲಿ ಹಸಿದ ಊರು ಬರುತ್ತದೆ. ಹೊಸ ಅರಸ ಏಗಾನ್ ಪ್ರಜೆಗಳ ಅಹವಾಲು ಕೇಳಲು ಕುಳಿತಿದ್ದಾನೆ. ಘಟಸರ್ಪಗಳಿಗೆಂದು ಅರಮನೆಯವರು ತನ್ನ ಕುರಿಗಳನ್ನು ತೆಗೆದುಕೊಂಡಿದ್ದಾರೆ, ಚಳಿಗಾಲಕ್ಕೆ ಬೇಕು, ಹಿಂತಿರುಗಿಸಿ ಎಂದು ಕುರುಬನೊಬ್ಬ ಬೇಡುತ್ತಾನೆ. ಅರಸ ಆಗಲಿ ಎನ್ನುತ್ತಾನೆ. ಪಕ್ಕದಲ್ಲಿದ್ದ ಅಜ್ಜ ಬಗ್ಗಿ ಕಿವಿಯಲ್ಲಿ ಏನೋ ಹೇಳುತ್ತಾನೆ: ಒಬ್ಬನಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ. ಅಷ್ಟೇ, ಕುರುಬನ ಮುಖ ಬಾಡುತ್ತದೆ. ಮುಂದೆ ಸಮುದ್ರ ದಾರಿ ಮುಚ್ಚಿ, ಪೇಟೆಯಲ್ಲಿ ಕಾಳು ಸಿಗದಾಗಿ, ಕಮ್ಮಾರನ ಮನೆಯಲ್ಲಿ ಮಗು ಕಾಯಿಲೆ ಬೀಳುತ್ತದೆ. ರೆನೀರಾ ದೋಣಿಗಳಲ್ಲಿ ತರಕಾರಿ ಕಳಿಸಿದಾಗ ಜನ ಒಬ್ಬರ ಮೇಲೊಬ್ಬರು ಬಿದ್ದು ಕಿತ್ತಾಡುತ್ತಾರೆ. ಆವಕ ನಿಂತರೆ ಧಾರಣೆ ಏನಾಗುತ್ತದೆ ಎಂದು ದಿನವೂ ಖಾತೆಯಲ್ಲಿ ಬರೆಯುವವಳು ನಾನು. ಆ ಪೇಟೆಯ ದೃಶ್ಯಗಳನ್ನು ಯಾರೋ ಬಲ್ಲವರೇ ಬರೆದಿದ್ದಾರೆ ಅನ್ನಿಸಿತು. ಆ ಕಮ್ಮಾರನೇ ಏಳನೆಯ ಕಂತಿನಲ್ಲಿ ಎಲ್ಲಕ್ಕಿಂತ ಭಯಂಕರವಾದ ಘಟಸರ್ಪದ ಎದುರು ನಿಲ್ಲುವಾಗ, ಅವನ ಖಾಲಿ ಮನೆಯನ್ನು ನೋಡಿದವರಿಗೆ ಮಾತ್ರ ಆ ಧೈರ್ಯ ಎಲ್ಲಿಂದ ಬಂತೆಂದು ಅರ್ಥವಾಗುತ್ತದೆ. ನಾಲ್ಕನೆಯ ಕಂತಿನ ರೂಕ್ಸ್ ರೆಸ್ಟ್ ಯುದ್ಧವನ್ನು ಬೈದವರೂ ಹೊಗಳುತ್ತಾರೆ, ನಾನು ಬೇರೆ ಹೇಳಬೇಕಿಲ್ಲ. ಹಿಂದಿರುಗುವ ದಾರಿ ಇದ್ದರೂ ಒಬ್ಬಳು ಹೊರಳಿ ಬರುತ್ತಾಳೆ, ಅವಳ ಕಣ್ಣನ್ನು ನೋಡಿ.

ಮೂರನೆಯದು 2026ರ ಬೇಸಿಗೆಗೆ ಎಂದು ಸರಣಿ ತಯಾರಿಸುವ ಎಚ್‌ಬಿಒ ಹೇಳಿದೆ. ಅವರ ಬೇಸಿಗೆ ಎಂದರೆ ನಮಗೆ ಮುಂಗಾರು, ತೊಗರಿ ಬಿತ್ತುವ ಕಾಲ. ಗಲೆಟ್ ಎಂಬ ಜಲಸಂಧಿಯ ನೌಕಾಯುದ್ಧ ಅದರಲ್ಲಿದೆ, ಎರಡನೆಯದರಲ್ಲಿ ತಪ್ಪಿಹೋದದ್ದು ಅದೇ. ಚಿಗವ್ವನ ಮಗನಿಗೆ ಅದು ಸಿಕ್ಕೀತು. ನಾನು ಕಾಯುತ್ತಿರುವುದು ಅಲಿಸೆಂಟ್ ಏನಾಗುತ್ತಾಳೆ ಎಂಬುದಕ್ಕೆ. ಗೆಳತಿ ರೆನೀರಾಳ ತಂದೆಯನ್ನು ಮದುವೆಯಾಗಿ, ಸಾಯುವ ಗಂಡ ತೊದಲಿದ ಮಾತನ್ನು ತಪ್ಪಾಗಿ ತಿಳಿದು, ಮಗನನ್ನು ಪಟ್ಟಕ್ಕೇರಿಸಿದವಳು ಅವಳು. ಎರಡನೆಯ ಸೀಸನ್ನಿನ ಕೊನೆಗೆ ಅವಳು ಗೆಳತಿಯ ಎದುರು ಹೋಗಿ ಏನು ಒಪ್ಪಿಕೊಂಡಳು ಎಂಬುದನ್ನು ನೀವೇ ನೋಡಿ. ಅದು ನಂಬುವಂಥದ್ದಲ್ಲ ಎಂದವರು ಬಹಳ. ನನಗೆ ನಂಬಿಕೆ ಬಂತು, ಆದರೆ ಅದರ ಬೆಲೆಯನ್ನು ಮೂರನೆಯ ಸೀಸನ್ ತೋರಿಸದಿದ್ದರೆ ನಾನೂ ಬೈಯುವವರ ಸಾಲಿಗೆ ಸೇರುತ್ತೇನೆ.

ನಿಮಗೆ ಸಮಯವಿದ್ದರೆ ಎರಡನೆಯದನ್ನು ಶುರುಮಾಡುವ ಮುನ್ನ ಮೊದಲ ಸೀಸನ್ನಿನ ಎಂಟರಿಂದ ಹತ್ತರವರೆಗಿನ ಕಂತುಗಳನ್ನು ಮತ್ತೊಮ್ಮೆ ನೋಡಿ, ಹೆಸರುಗಳು ಕೈಗೆ ಸಿಗುತ್ತವೆ. ಎಂಟು ಕಂತನ್ನು ಒಂದೇ ರಾತ್ರಿ ನುಂಗಬೇಡಿ. ದಿನಕ್ಕೊಂದರಂತೆ ನೋಡಿದರೆ ನಿಧಾನ ಎಂಬ ದೂರು ಅರ್ಧ ಕರಗುತ್ತದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಮೊದಲ ಸೀಸನ್ನಿನ ಹೆರಿಗೆಯ ದೃಶ್ಯದಲ್ಲಿ ನಾನು ಮೊಬೈಲನ್ನು ಗೋಡೆಯ ಕಡೆ ತಿರುಗಿಸಬೇಕಾಯಿತು.

ಅವ್ವ ಈ ಎರಡು ವರ್ಷದಲ್ಲಿ ಹೆಸರುಗಳನ್ನೆಲ್ಲ ಮರೆತಿದ್ದಾಳೆ. ಹೊಸ ಸೀಸನ್ ಬರುತ್ತಿದೆ ಎಂದು ಹೇಳಿದಾಗ, “ಆ ಹಸಿರು ಬಟ್ಟೆಯವಳಿಗೆ ಮಗಳು ಉಳಿದಳೇ?” ಎಂದು ಮಾತ್ರ ಕೇಳಿದಳು. ಅಲಿಸೆಂಟಳ ಮಗಳು ಹೆಲೇನಾಳ ವಿಷಯ. ಗೊತ್ತಿಲ್ಲ, ಬಂದಾಗ ನೋಡೋಣ ಎಂದೆ. ಪುಸ್ತಕ ಓದಿರುವ ನನಗೆ ಗೊತ್ತಿದೆ, ಹೇಳಲು ಬಾಯಿ ಬರಲಿಲ್ಲ.