ಬಾಸ್ಟನ್‌ನಲ್ಲಿ ಮನೆ ಮುಂದಿನ ಹಿಮ, ಬಸ್ ಸ್ಟಾಪಿನ ಹಿಮ ಯಾರ ಪಾಲಿನ ಕೆಲಸ?

ನೀವು ಕೇಳಿದ್ದು ಇಷ್ಟು: ಬಾಸ್ಟನ್‌ನ ರಾಸ್ಲಿಂಡೇಲ್‌ನಲ್ಲಿ ಮೂರು ಮಹಡಿಯ ಮನೆ, ಎರಡನೇ ಮಹಡಿ ನಿಮ್ಮ ಬಾಡಿಗೆ. ಇದು ಮೊದಲ ಚಳಿಗಾಲ. ಫುಟ್‌ಪಾತ್ ಹಿಮ ಬಾಡಿಗೆಯವರೇ ತೆಗೆಯಬೇಕು ಅಂತ ಓನರ್ ಹೇಳುತ್ತಿದ್ದಾರೆ. ಬಸ್ಸಿಗೆಂದೇ ಮೀಸಲಿಟ್ಟ ರಸ್ತೆಯ ಪಟ್ಟಿಯನ್ನು, ಅಂದರೆ ಬಸ್ ಲೇನನ್ನು, ಸಿಟಿಯವರೇ ಕ್ಲೀನ್ ಮಾಡುತ್ತಾರೆ, ಹಾಗಾದರೆ ಫುಟ್‌ಪಾತ್ ಯಾಕೆ ಮಾಡಲ್ಲ? ದಂಡ ಬಿದ್ದರೆ ಯಾರು ಕಟ್ಟಬೇಕು?

ಮೊದಲು ನೇರ ಉತ್ತರ. ಫುಟ್‌ಪಾತ್ ಹಿಮ ಆಸ್ತಿಯ ಮಾಲೀಕರ ಜವಾಬ್ದಾರಿ. ಹಿಮ ಬೀಳುವುದು ನಿಂತ 3 ಗಂಟೆಯೊಳಗೆ ತೆಗೆಯಬೇಕು. ರಾತ್ರಿ ನಿಂತಿದ್ದರೆ, ಸೂರ್ಯ ಹುಟ್ಟಿದ 3 ಗಂಟೆಯೊಳಗೆ. ದಾರಿ ಕನಿಷ್ಠ 42 ಇಂಚು ಅಗಲ ಇರಬೇಕು. ಗಾಲಿಕುರ್ಚಿ, ಮಗುವಿನ ಗಾಡಿ ಹೋಗಬೇಕಲ್ಲ, ಅದಕ್ಕೆ ಆ ಅಳತೆ. ತೆಗೆದ ಹಿಮವನ್ನು ರಸ್ತೆಗೆ ಎಸೆಯುವಂತಿಲ್ಲ. ತೆಗೆಯದೇ ಬಿಟ್ಟರೆ ಪ್ರತಿ ದಿನಕ್ಕೂ ಬೇರೆ ಬೇರೆ ದಂಡ ಬೀಳಬಹುದು, ಆ ಚೀಟಿ ಹೋಗುವುದು ಓನರ್‌ಗೆ.

ಮೆಟ್ಟಿಲು, ಬಾಗಿಲಿನ ವಿಷಯದಲ್ಲಿ ಮಸಾಚುಸೆಟ್ಸ್ ರಾಜ್ಯದ ನಿಯಮ ಇನ್ನೂ ಸ್ಪಷ್ಟ. ಮನೆಯಿಂದ ಹೊರಗೆ ಹೋಗುವ ದಾರಿಯನ್ನು ಹಿಮ, ಐಸ್ ಇಲ್ಲದಂತೆ ಇಡುವುದು ಓನರ್ ಕೆಲಸ. ಇದನ್ನು ಬಾಡಿಗೆಯವರ ಮೇಲೆ ಹಾಕಬೇಕಾದರೆ ಎರಡು ವಿಷಯ ಇರಲೇಬೇಕು. ಆ ಬಾಗಿಲು ನಿಮ್ಮೊಬ್ಬರದೇ ಆಗಿರಬೇಕು, ಮತ್ತೆ ಅಗ್ರಿಮೆಂಟ್‌ನಲ್ಲಿ ಹಾಗಂತ ಬರೆದಿರಬೇಕು. ಮೂರೂ ಮನೆಯವರು ಒಂದೇ ಮೆಟ್ಟಿಲು ಇಳಿಯುತ್ತೀರಿ ಅಂದರೆ ನಿಮ್ಮ ಮೇಲೆ ಹಾಕಲು ಬರುವುದಿಲ್ಲ. ಓನರ್‌ಗೆ ಇನ್ನೊಂದು ಮಾತೂ ಹೇಳಿ. ತಾನಾಗಿ ಬಿದ್ದ ಹಿಮದ ಮೇಲೆ ಯಾರಾದರೂ ಜಾರಿದರೆ ಜಾಗದ ಮಾಲೀಕರು ಹೊಣೆಯಲ್ಲ ಅನ್ನುವ ಹಳೇ ಪದ್ಧತಿ ಇತ್ತು. 2010ರಲ್ಲಿ ಮಸಾಚುಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಕೈಬಿಟ್ಟಿತು. ತಮ್ಮ ಅಂಗಳ, ಮೆಟ್ಟಿಲುಗಳ ಬಗ್ಗೆ ಅವರು ಎಚ್ಚರ ವಹಿಸಲೇಬೇಕು.

ಇನ್ನು ಬಸ್ ಲೇನ್. ನನ್ನ ಮನಸ್ಸಿನಲ್ಲಿ ಜಾಸ್ತಿ ಕೊರೆಯುವುದು ಇದೇ.

ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ 2014-15. ಆ ವರ್ಷ ಬಾಸ್ಟನ್‌ನಲ್ಲಿ 110.6 ಇಂಚು ಹಿಮ ಬಿತ್ತು, ದಾಖಲೆ ಅದು. ಒಂಬತ್ತು ಅಡಿಗಿಂತ ಜಾಸ್ತಿ, ಅಲ್ವಾ! ಫೆಬ್ರವರಿಯಲ್ಲಿ ರೈಲುಗಳೇ ನಿಂತುಹೋದವು. ಸೀಪೋರ್ಟ್ ಹತ್ತಿರ ಲಾರಿಗಳಲ್ಲಿ ತಂದು ಸುರಿದ ಹಿಮದ ಗುಡ್ಡ ಪೂರ್ತಿ ಕರಗಿದ್ದು ಜುಲೈ 14ಕ್ಕೆ. ಆವಾಗಲೇ ನನಗೆ ಗೊತ್ತಾಗಿದ್ದು, ಹಿಮ ತೆಗೆಯುವುದು ಒಂದು ಕೆಲಸ, ತೆಗೆದ ಹಿಮವನ್ನು ಎಲ್ಲಿ ಇಡುವುದು ಅನ್ನುವುದು ಅದಕ್ಕಿಂತ ದೊಡ್ಡ ಕೆಲಸ.

ಹಿಮ ತಳ್ಳುವ ಪ್ಲೋ ಗಾಡಿಯ ಮುಂದಿನ ಹಲಗೆಯನ್ನು ಒಮ್ಮೆ ಗಮನಿಸಿ. ಅದು ಬಲಕ್ಕೆ ಓರೆಯಾಗಿರುತ್ತದೆ. ರಸ್ತೆಯ ಹಿಮವೆಲ್ಲ ಬಲಗಡೆ ಅಂಚಿಗೆ ಹೋಗಿ ಬೀಳುತ್ತದೆ. ಬಸ್ ಲೇನ್ ಇರುವುದೂ ಆ ಅಂಚಿನಲ್ಲೇ. ನಿಮ್ಮ ಹತ್ತಿರದ ವಾಷಿಂಗ್ಟನ್ ಸ್ಟ್ರೀಟ್‌ನಲ್ಲಿ 2018ರಲ್ಲಿ ಬಸ್ ಲೇನ್ ಶುರುವಾದಾಗ ಬೆಳಗ್ಗೆ 5ರಿಂದ 9ರವರೆಗೆ ಮಾತ್ರ ಬಸ್ಸು, ಸೈಕಲ್ಲಿಗೆ, ಉಳಿದ ಹೊತ್ತು ಅದು ಪಾರ್ಕಿಂಗ್ ಜಾಗ. ಇಂಥ ಕಡೆ ಅಂಚಿನಲ್ಲಿ ಹಿಮ ನಿಂತರೆ ಕಾರುಗಳನ್ನು ಎರಡಡಿ ಈಚೆಗೆ ನಿಲ್ಲಿಸುತ್ತಾರೆ, ಲೇನ್ ಕಿರಿದಾಗುತ್ತದೆ. ಕೊಲಂಬಸ್ ಅವೆನ್ಯೂದಲ್ಲಿ 2021ರಲ್ಲಿ ರಸ್ತೆಯ ಮಧ್ಯದಲ್ಲೇ ಬಸ್ ಲೇನ್ ಮಾಡಿದರು. ನ್ಯೂ ಇಂಗ್ಲೆಂಡ್‌ನಲ್ಲಿ ಅಂಥದ್ದು ಅದೇ ಮೊದಲು. 22, 29, 44ನೇ ನಂಬರ್ ಬಸ್‌ಗಳು ಅಲ್ಲಿ ಓಡುತ್ತವೆ. ಅಲ್ಲಿ ಪಾರ್ಕ್ ಮಾಡಿದ ಕಾರಿನ ಕಾಟ ಇಲ್ಲ. ಹತ್ತುವ ಕಟ್ಟೆಗಳ ಮೇಲಿನ ಹಿಮವನ್ನಂತೂ ಅಲ್ಲೂ ತೆಗೆಯಲೇಬೇಕು.

ಒಂದು ಬೆಳಗ್ಗೆ ಕಂಡಿದ್ದು ಹೇಳುತ್ತೇನೆ. ರಾತ್ರಿಯಿಡೀ ಹಿಮ ಬಿದ್ದು ನಿಂತಿತ್ತು. ಬಸ್ ಲೇನ್ ಕಪ್ಪಗೆ, ನೀಟಾಗಿತ್ತು. ಫುಟ್‌ಪಾತ್ ಮೇಲೆ ಅಂಗಡಿಯವರು ದಾರಿ ಬಿಡಿಸಿ ಉಪ್ಪು ಹಾಕಿದ್ದರು. ಇವೆರಡರ ಮಧ್ಯೆ ಮೊಣಕಾಲುದ್ದದ ಐಸ್ ಗೋಡೆ. ವಾಕರ್ ಹಿಡಿದ ಒಬ್ಬ ಅಜ್ಜಿ ಮೂಲೆಯವರೆಗೆ ಹೋಗಿ, ಅಲ್ಲಿಂದ ರಸ್ತೆಗೆ ಇಳಿದು, ಬಸ್ ಲೇನ್‌ನಲ್ಲೇ ನಿಂತು ಬಸ್ಸಿಗೆ ಕಾದರು. ಎದುರಿಗೆ ಬಸ್ಸು ಬರುತ್ತಿತ್ತು. ಡ್ರೈವರ್ ದೂರದಿಂದಲೇ ನಿಧಾನ ಮಾಡಿದರು, ಇಳಿದು ಬಂದು ಕೈ ಕೊಟ್ಟರು. ರಸ್ತೆಯವರು ತಮ್ಮ ಪಾಲು ಮಾಡಿದ್ದರು, ಅಂಗಡಿಯವರು ತಮ್ಮ ಪಾಲು ಮಾಡಿದ್ದರು. ಅಜ್ಜಿಗೆ ಮಾತ್ರ ಬಸ್ಸು ಹತ್ತಲು ದಾರಿ ಇರಲಿಲ್ಲ.

ಆವತ್ತಿನಿಂದ ನಮ್ಮ ಸ್ಟಾಪಿಗೆ ನಾನೇ ಸಲಿಕೆ ತಗೊಂಡು ಹೋಗುತ್ತೇನೆ. ಇಪ್ಪತ್ತು ನಿಮಿಷದ ಕೆಲಸ. ಬಸ್ಸಿನ ಮುಂದಿನ ಬಾಗಿಲು ಸಾಮಾನ್ಯವಾಗಿ ಸ್ಟಾಪಿನ ಬೋರ್ಡ್ ಕಂಬದ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ 5 ಅಡಿ ಅಗಲಕ್ಕೆ ಗೋಡೆ ಕಡಿಯಿರಿ, ಗಾಲಿಕುರ್ಚಿಯ ರ‍್ಯಾಂಪ್ ಇಳಿಯುವುದೂ ಅದೇ ಬಾಗಿಲಿಂದ. ಆಮೇಲೆ ಹಿಂದಿನ ಬಾಗಿಲಿಗೆ ಇನ್ನೊಂದು ಸಂದು. ಹಿಮ ನಿಂತ ತಕ್ಷಣ ಹೋಗಿ. ಸಂಜೆವರೆಗೆ ಬಿಟ್ಟರೆ ಮೇಲ್ಪದರ ಕರಗಿ, ರಾತ್ರಿ ಗಟ್ಟಿಯಾಗಿ, ಸಲಿಕೆ ಬಾಗುತ್ತದೆಯೇ ಹೊರತು ಐಸ್ ಒಡೆಯುವುದಿಲ್ಲ. ಚಳಿ ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಸಾಮಾನ್ಯ ಉಪ್ಪು ಅಷ್ಟಾಗಿ ಕೆಲಸ ಮಾಡಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ತಗೊಳ್ಳಿ, ಇಲ್ಲ ಹಿಡಿತಕ್ಕೆ ಮರಳು ಹಾಕಿ. ಮೂಲೆ ಮನೆಯವರು ರಸ್ತೆಗೆ ಇಳಿಯುವ ಇಳಿಜಾರನ್ನೂ ತೆರವು ಮಾಡಬೇಕು, ನಿಯಮದಲ್ಲೇ ಇದೆ. ಎಷ್ಟೋ ಜನರಿಗೆ ಅದು ಗೊತ್ತೇ ಇಲ್ಲ. ಹೇಳಿ ನೋಡಿ, ಆಗದಿದ್ದರೆ ಸಿಟಿಯ ದೂರು ನಂಬರ್ 311ಕ್ಕೆ ಫೋನ್ ಮಾಡಿ.

ಸಿಟಿ ಯಾಕೆ ಮಾಡಲ್ಲ ಅಂದಿರಲ್ಲ, ಮಾಡಬೇಕು ಅಂತಲೇ ನನ್ನ ಅಭಿಪ್ರಾಯ. ಮಾಂಟ್ರಿಯಲ್‌ನಲ್ಲಿ ಫುಟ್‌ಪಾತನ್ನು ಸಿಟಿಯೇ ಸಣ್ಣ ಪ್ಲೋ ಗಾಡಿಗಳಿಂದ ತೆರವು ಮಾಡುತ್ತದೆ, ಹಿಮವನ್ನು ಲಾರಿಗೆ ತುಂಬಿ ಒಯ್ಯುತ್ತದೆ. ಟೊರೊಂಟೊ 2021-22ರ ಚಳಿಗಾಲದಿಂದ ಬಹುತೇಕ ಎಲ್ಲ ಫುಟ್‌ಪಾತ್‌ಗಳನ್ನು ತಾನೇ ನೋಡಿಕೊಳ್ಳುತ್ತಿದೆ. ಖರ್ಚು ದೊಡ್ಡದು, ನಿಜ. ಆದರೆ ಬಸ್ ಹತ್ತುವ ಪ್ರತಿಯೊಬ್ಬರೂ ಮೊದಲು ನಡೆದೇ ಬರಬೇಕು. ಸಾಲಾಗಿ ಹತ್ತು ಮನೆಯವರು ತೆಗೆದು ಹನ್ನೊಂದನೆಯವರು ತೆಗೆಯದಿದ್ದರೆ ಗಾಲಿಕುರ್ಚಿಯವರಿಗೆ ಇಡೀ ಬೀದಿಯೇ ಮುಚ್ಚಿದ ಹಾಗೆ.

ನಿಮ್ಮ ಓನರ್ ಜೊತೆ ಜಗಳಕ್ಕೆ ಇಳಿಯುವ ಮುಂಚೆ ಅಗ್ರಿಮೆಂಟ್ ತೆಗೆದು ಹಿಮದ ಬಗ್ಗೆ ಏನು ಬರೆದಿದೆ ನೋಡಿ. ನಿಮ್ಮ ಬಾಗಿಲು ಬೇರೆಯದೋ, ಎಲ್ಲರಿಗೂ ಒಂದೇನೋ ಅಂತಲೂ ತಿಳಿಸಿ. ಆ ಸಾಲುಗಳನ್ನು ಇಲ್ಲೇ ಬರೆದು ಹಾಕಿದರೆ ಓನರ್‌ಗೆ ಏನಂತ ಬರೆಯಬಹುದು ಅಂತ ಹೇಳುತ್ತೇನೆ.