ಮೀನು ಬಾಲವನ್ನು ಪಕ್ಕಕ್ಕೆ ಬೀಸಿದರೂ ಮುಂದಕ್ಕೆ ಹೋಗೋದು ಹೇಗೆ? ಜೋರಾಗಿ ಬೀಸಿದಷ್ಟೂ ಒಳ್ಳೆಯದಾ?

ಲಾಲ್‌ಬಾಗ್ ಕೆರೆಯ ದಡದಲ್ಲಿ ನಿಂತು ಒಂದೇ ಮೀನನ್ನು ಸ್ವಲ್ಪ ಹೊತ್ತು ನೋಡಿ. ಬಾಲ ಪಕ್ಕಕ್ಕೆ ಬೀಸುವಾಗ ಓರೆಯಾಗಿರುತ್ತದೆ. ಆ ಓರೆ ನೀರನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಮೀನನ್ನು ಮುಂದಕ್ಕೆ ತಳ್ಳುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಆಮೇಲಿನ ಕಥೆ. ಪ್ರತಿ ಬೀಸಿನ ಕೊನೆಗೆ ಬಾಲದ ತುದಿಯಿಂದ ಒಂದು ಸುಳಿ ಕಳಚಿಕೊಳ್ಳುತ್ತದೆ. ಎಡಕ್ಕೊಂದು, ಬಲಕ್ಕೊಂದು. ಇವು ಎದುರುಬದುರು ದಿಕ್ಕಿಗೆ ತಿರುಗುತ್ತವೆ. ಎರಡು ಸಾಲುಗಳ ನಡುವೆ ನೀರು ಹಿಂದಕ್ಕೆ ಚಿಮ್ಮುತ್ತದೆ. ಹರಿಯುವ ನೀರಲ್ಲಿ ನೆಟ್ಟ ಕಂಬದ ಹಿಂದೆಯೂ ಸುಳಿಗಳ ಸಾಲು ಏಳುತ್ತದೆ, ಆದರೆ ತಿರುಗುವ ದಿಕ್ಕು ಉಲ್ಟಾ. ಹಾಗಾಗಿ ಅಲ್ಲಿ ಸಿಗುವುದು ತಡೆ, ಇಲ್ಲಿ ತಳ್ಳು.

ಜೋರಾಗಿ ಬೀಸಿದರೆ ತಳ್ಳು ಜಾಸ್ತಿಯಾಗುತ್ತದೆ, ನಿಜ. ಆದರೆ ಒಂದು ಮಿತಿ ದಾಟಿದರೆ ಶಕ್ತಿ ಸುಮ್ನೆ ನೀರು ಕಲಕುವುದಕ್ಕೇ ಹೋಗುತ್ತದೆ. ಇದನ್ನು ಅಳೆಯುವುದು ಸ್ಟ್ರೌಹಾಲ್ ಸಂಖ್ಯೆ: ಸೆಕೆಂಡಿಗೆ ಎಷ್ಟು ಬಡಿತ ಅನ್ನುವುದನ್ನು ಬೀಸಿನ ಅಗಲದಿಂದ ಗುಣಿಸಿ, ವೇಗದಿಂದ ಭಾಗಿಸಬೇಕು. ಸೆಕೆಂಡಿಗೆ 2 ಬಡಿತ, 0.1 ಮೀಟರ್ ಅಗಲ, ಸೆಕೆಂಡಿಗೆ 0.7 ಮೀಟರ್ ವೇಗ ಅಂದರೆ ಸುಮಾರು 0.29. ಚೆನ್ನಾಗಿ ಈಜುವ ಮೀನು, ಡಾಲ್ಫಿನ್‌ಗಳು ಹೆಚ್ಚಾಗಿ 0.2ರಿಂದ 0.4ರ ಒಳಗೇ ಇರುತ್ತವೆ. ಬಾಲದಂತೆ ಬೀಸುವ ರೆಕ್ಕೆಯಿಂದ ಓಡುವ ನೀರೊಳಗಿನ ರೋಬಾಟ್‌ಗಳನ್ನೂ ಸಾಮಾನ್ಯವಾಗಿ ಇದೇ ಲೆಕ್ಕ ಹಿಡಿದು ಹೊಂದಿಸುತ್ತಾರೆ.