ಕಾಯಾನಿಯ ಕೆಲಸ ಒಪ್ಪಿಕೊಳ್ಳಬಹುದೇ ಎಂದು ಕೇಳಿದ ಬದಿಯಡ್ಕದವರಿಗೆ

ನಿಮ್ಮ ಪ್ರಶ್ನೆಗಳನ್ನು ಸಾವಧಾನವಾಗಿ ಓದಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಿಮಗೆ ಫಿನ್ಲೆಂಡಿನ ಕಾಯಾನಿಯ ಸೂಪರ್‌ಕಂಪ್ಯೂಟರಿಗೆ ಸಂಬಂಧಿಸಿದ ಹುದ್ದೆಯೊಂದು ಒದಗಿಬಂದಿದೆ. ಸಂಬಳ ಸಾಕಾಗುವುದೇ, ಚಳಿಯನ್ನು ತಡೆದುಕೊಳ್ಳಬಹುದೇ, ಹೆಂಡತಿ ಮತ್ತು ಮಗುವನ್ನು ಕರೆತರಬಹುದೇ, ಕೊನೆಗೆ, ಅಮೆರಿಕ ಮತ್ತು ಚೀನಾಗಳ ಚಿಪ್ ಜಗಳದ ನಡುವೆ ಈ ಉದ್ಯೋಗಕ್ಕೆ ಭವಿಷ್ಯವಿದೆಯೇ ಎಂದು ಕೇಳಿದ್ದೀರಿ. ಕೊನೆಯದನ್ನು ಸಂಕೋಚದಿಂದ ಸೇರಿಸಿದಂತಿದೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಚಳಿ ಮತ್ತು ಸಂಬಳದ ಮಾತನ್ನು ಬೇಗ ಮುಗಿಸುತ್ತೇನೆ. ಡಿಸೆಂಬರಿನಲ್ಲಿ ಹಗಲು ನಾಲ್ಕು ಗಂಟೆಯಷ್ಟೇ ಇರುತ್ತದೆ, ಮೈನಸ್ 30 ಡಿಗ್ರಿಯ ದಿನಗಳೂ ಬರುತ್ತವೆ. ಆದರೆ ಮನೆಗಳು ಬೆಚ್ಚಗಿರುತ್ತವೆ, ಚಳಿಗಿಂತ ಕತ್ತಲೆಯೇ ಹೆಚ್ಚು ಕಾಡುತ್ತದೆ. ತೆರಿಗೆ ಜಾಸ್ತಿ, ಶಾಲೆ ಮತ್ತು ಶಾಲೆಯ ಊಟ ಉಚಿತ. ಯೂರೋವನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವುದನ್ನು ಮಾತ್ರ ಬಿಡಿ, ಏಕೆಂದರೆ ಖರ್ಚು ಆಗುವುದೂ ಯೂರೋದಲ್ಲೇ. ಕುಚ್ಚಲಕ್ಕಿಯನ್ನು ಹೆಲ್ಸಿಂಕಿಯಿಂದ ತರಿಸಿಕೊಳ್ಳಬೇಕಾದೀತು.

ಇನ್ನು ಯಂತ್ರದ ವಿಷಯ. ಕಾಯಾನಿಯ ಕಾಗದದ ಕಾರ್ಖಾನೆ 2008ರಲ್ಲಿ ಮುಚ್ಚಿತು. ಆ ಆವರಣದಲ್ಲಿಯೇ, ಕಾರ್ಖಾನೆಗೆಂದು ಹಿಂದೆ ಇದ್ದ ಭಾರಿ ವಿದ್ಯುತ್ ಸಂಪರ್ಕವನ್ನು ಬಳಸಿಕೊಂಡು ಸ್ಥಾಪಿಸಿದ ಲೂಮಿ ಎಂಬ ಸೂಪರ್‌ಕಂಪ್ಯೂಟರ್ 2022ರಲ್ಲಿ ಉದ್ಘಾಟನೆಯಾಗಿ, ಜಗತ್ತಿನ ಅತಿವೇಗದ ಕಂಪ್ಯೂಟರುಗಳ ಆ ವರ್ಷದ ಜೂನಿನ ಪಟ್ಟಿಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಅದರಲ್ಲಿರುವ 11,912 ಜಿಪಿಯುಗಳನ್ನು (ಒಟ್ಟೊಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಚಿಪ್‌ಗಳನ್ನು) ತಣಿಸಿ ಬಿಸಿಯಾದ ನೀರಿನ ಶಾಖವನ್ನು ಹೀಟ್ ಪಂಪುಗಳ ಮೂಲಕ ಮತ್ತಷ್ಟು ಏರಿಸಿ ಊರಿನ ಮನೆಗಳ ಕೊಳವೆಗಳಿಗೆ ಕಳಿಸುತ್ತಾರೆ; ಊರಿಗೆ ಕೊಳವೆಯಲ್ಲಿ ಬರುವ ಬಿಸಿಯ ಸುಮಾರು ಐದನೆಯ ಒಂದು ಪಾಲು ಹೀಗೆ ಒದಗುತ್ತದೆ. ವಿದ್ಯುತ್ತು ಜಲಮೂಲದ್ದು, ಕಟ್ಟಡ ಇಲ್ಲಿಯದು, ನಡೆಸುವವರು ಇಲ್ಲಿಯವರು. ಲೆಕ್ಕ ಮಾಡುವ ಚಿಪ್ ಮಾತ್ರ ಇಲ್ಲಿಯದಲ್ಲ. ಅದನ್ನು ವಿನ್ಯಾಸ ಮಾಡಿದ್ದು ಅಮೆರಿಕದ ಎಎಂಡಿ, ತಯಾರಿಸಿದ್ದು ತೈವಾನಿನ ಟಿಎಸ್‌ಎಂಸಿ. ಅಂಥ ಕಾರ್ಖಾನೆಗೆ ಬೇಕಾದ ಬೆಳಕಿನಿಂದ ಚಿಪ್‌ನ ವಿನ್ಯಾಸ ಮೂಡಿಸುವ ಅತಿಸೂಕ್ಷ್ಮ ಮುದ್ರಣಯಂತ್ರಗಳನ್ನು ಮಾಡುವುದು ನೆದರ್ಲೆಂಡ್ಸಿನ ಎಎಸ್‌ಎಂಎಲ್, ಆ ಯಂತ್ರಗಳ ಕನ್ನಡಿಗಳು ಬರುವುದು ಜರ್ಮನಿಯ ಝೈಸ್‌ನಿಂದ.

ಇದರಿಂದ ಆಗುವ ಪೇಚನ್ನು ಒಂದೇ ಉದಾಹರಣೆಯಿಂದ ತೋರಿಸಬಹುದು. ಲೂಮಿಗೆ ಯೂರೋಪಿಯನ್ ಒಕ್ಕೂಟದ ಹಣದ ಜೊತೆ 11 ದೇಶಗಳ ಕೂಟವೊಂದು ಬಂಡವಾಳ ಹಾಕಿದೆ. 2025ರ ಜನವರಿಯಲ್ಲಿ, ಅಧಿಕಾರ ಬಿಡಲು ವಾರವಷ್ಟೇ ಉಳಿದಿದ್ದಾಗ, ಬೈಡನ್ ಸರಕಾರವು ಎಐ ಚಿಪ್‌ಗಳ ರಫ್ತಿಗೆ ಹೊಸ ನಿಯಮ ಪ್ರಕಟಿಸಿ ಜಗತ್ತನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಮೊದಲ ದರ್ಜೆಯಲ್ಲಿ 18 ಮಿತ್ರದೇಶಗಳಿದ್ದವು. ಲೂಮಿಯ ಪಾಲುದಾರರಲ್ಲಿ ಫಿನ್ಲೆಂಡ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಆ ಪಟ್ಟಿಯಲ್ಲಿದ್ದರೆ, ಪೋಲೆಂಡ್, ಝೆಕ್, ಎಸ್ಟೋನಿಯಾ, ಐಸ್‌ಲೆಂಡ್ ಮತ್ತು ಸ್ವಿಟ್ಜರ್ಲೆಂಡ್ ಎರಡನೆಯ ದರ್ಜೆಗೆ, ಎಂದರೆ ಚಿಪ್ ಪಡೆಯಲು ಮಿತಿ ಇರುವವರ ಸಾಲಿಗೆ, ಬಿದ್ದವು. ಒಂದೇ ಯಂತ್ರಕ್ಕೆ ಹಣ ಹಾಕಿದವರಲ್ಲಿ ಆರು ಮಂದಿ ಒಳಗೆ, ಐದು ಮಂದಿ ಹೊಸ್ತಿಲ ಹೊರಗೆ! ಭಾರತವೂ ಎರಡನೆಯ ದರ್ಜೆಯಲ್ಲೇ ಇತ್ತು. ನಿಯಮ ಜಾರಿಗೆ ಬರಬೇಕಾಗಿದ್ದ ಮೇ ತಿಂಗಳಲ್ಲಿ ಟ್ರಂಪ್ ಸರಕಾರ ಅದನ್ನು ಕೈಬಿಟ್ಟಿತು ಎಂಬುದು ನಿಜ, ಆದರೆ ಕೈಬಿಟ್ಟ ರೀತಿಯಲ್ಲೂ ನೆಮ್ಮದಿಪಡುವಂಥದ್ದೇನಿಲ್ಲ. ಬರೆದವರೂ ಅಳಿಸಿದವರೂ ವಾಷಿಂಗ್ಟನ್ನಿನವರೇ, ಪಾಲುದಾರರನ್ನು ಯಾರೂ ಕೇಳಿರಲಿಲ್ಲ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಾಯಿಲೆ ಬಂದರೆ ಮಂಗಳೂರು ಎಂದು ತಲೆಮಾರುಗಳಿಂದ ನಂಬಿಕೊಂಡಿದ್ದ ನಮಗೆ, 2020ರ ಮಾರ್ಚಿನಲ್ಲಿ ಕೋವಿಡ್ ಹೊತ್ತಿಗೆ ಕೇರಳ-ಕರ್ನಾಟಕದ ಗಡಿ ರಸ್ತೆಗಳಿಗೆ ಮಣ್ಣು ಸುರಿದು ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನು ತಡೆದಾಗ, ಆಸ್ಪತ್ರೆ ಎಷ್ಟು ಹತ್ತಿರವಿದೆ ಎಂಬುದಕ್ಕೂ ಅದು ಎಷ್ಟು ನಮ್ಮದು ಎಂಬುದಕ್ಕೂ ಸಂಬಂಧವಿಲ್ಲ ಎಂದು ತಿಳಿಯಿತು. ಯೂರೋಪಿನವರು ಚಿಪ್‌ನ ವಿಷಯದಲ್ಲಿ ಅದನ್ನು ಈಗ ಕಲಿಯುತ್ತಿದ್ದಾರೆ. ಜರ್ಮನಿಯ ಯೂಲಿಷ್‌ನಲ್ಲಿ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಜೂಪಿಟರ್ ಯಂತ್ರವನ್ನು ತಾಂತ್ರಿಕ ಸಾರ್ವಭೌಮತ್ವದ ಹೆಸರಿನಲ್ಲಿ ಕೊಂಡಾಡಿದರು. ಅದರ ಹೊಟ್ಟೆಯೊಳಗಿರುವುದು ಎನ್‌ವಿಡಿಯಾದ ಸುಮಾರು 24,000 ಚಿಪ್‌ಗಳು, ಅದಕ್ಕೆಂದು ಯೂರೋಪಿನಲ್ಲಿಯೇ ರೂಪಿಸುತ್ತಿದ್ದ ರಿಯಾ ಪ್ರೊಸೆಸರ್ ಉದ್ಘಾಟನೆಯ ಹೊತ್ತಿಗೆ ಸಿದ್ಧವಾಗಿರಲಿಲ್ಲ.

ಹಾಗಾದರೆ ಊರಿನಲ್ಲಿಯೇ ಇದ್ದುಬಿಡಲೇ ಎಂದು ನೀವು ಕೇಳುವುದು ಸಹಜ. 1980ರ ದಶಕದಲ್ಲಿ ಭಾರತ ಕೇಳಿದ ಕ್ರೇ ಎಂಬ ಸೂಪರ್‌ಕಂಪ್ಯೂಟರನ್ನು ಕೊಡಲು ಅಮೆರಿಕ ಒಪ್ಪದೆ, ಹವಾಮಾನ ಮುನ್ಸೂಚನೆಗೆಂದು ಕಡಿಮೆ ಸಾಮರ್ಥ್ಯದ್ದೊಂದನ್ನು ಕೊಟ್ಟಿತು. ಆ ಅವಮಾನದಿಂದಲೇ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸರಕಾರಿ ಸಂಶೋಧನಾ ಸಂಸ್ಥೆ ಹುಟ್ಟಿ, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಹೊರಬಂತು. ಅದು ಹೆಮ್ಮೆಯ ಕೆಲಸವೇ ಸರಿ. ಆದರೂ ಅದರಲ್ಲಿದ್ದದ್ದು ಬ್ರಿಟನ್ನಿನ ಇನ್ಮೋಸ್ ಕಂಪನಿಯ ಚಿಪ್‌ಗಳು ಎಂಬುದನ್ನು ನಮ್ಮವರು ಹೇಳುವುದು ಕಡಿಮೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ); ಲೂಮಿಯದು ಅದರ ನೂರು ಪಟ್ಟಿಗೂ ಹೆಚ್ಚು. 2024ರಲ್ಲಿ 10,372 ಕೋಟಿ ರೂಪಾಯಿಯ ಇಂಡಿಯಾ ಎಐ ಮಿಷನ್‌ಗೆ ಮಂಜೂರಾತಿ ಸಿಕ್ಕ ಮೇಲೆ ಕೆಲಸಗಳು ಹೆಚ್ಚಿವೆ, ಆದರೆ ಅಲ್ಲಿ ಬಾಡಿಗೆಗೆ ಸಿಗುವ ಜಿಪಿಯುಗಳೂ ಬಹುಪಾಲು ಅಮೆರಿಕದವೇ. ಎಲ್ಲಿ ಕುಳಿತರೂ ಇನ್ನೊಬ್ಬರ ಅನುಮತಿಯ ಮೇಲೆಯೇ ಕುಳಿತಿರುತ್ತೀರಿ. ಆದ್ದರಿಂದ ದೇಶವನ್ನು ಆರಿಸುವುದಕ್ಕಿಂತ ಯಾವ ಬಗೆಯ ಕೆಲಸ ಕಲಿಯುತ್ತೀರಿ ಎಂಬುದೇ ಮುಖ್ಯವೆಂದು ನಾನು ತಿಳಿಯುತ್ತೇನೆ.

ವಿಜ್ಞಾನಿಗಳ ಪ್ರೋಗ್ರಾಮುಗಳನ್ನು ಒಂದು ಚಿಪ್‌ನಿಂದ ಇನ್ನೊಂದಕ್ಕೆ ಹೊಂದಿಸಿಕೊಡುವುದು ನನ್ನ ವೃತ್ತಿ. ನಿಮ್ಮ ಅನುಭವವೆಲ್ಲ ಎನ್‌ವಿಡಿಯಾದ ಕುಡಾದಲ್ಲಿ, ಅಂದರೆ ಅವರ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯುವ ವ್ಯವಸ್ಥೆಯಲ್ಲಿ, ಎಂದು ಬರೆದಿದ್ದೀರಿ. ಲೂಮಿಯಲ್ಲಿ ಅದು ನಡೆಯುವುದಿಲ್ಲ, ಅಂಥದ್ದೇ ವ್ಯವಸ್ಥೆಯಾದ ಎಎಂಡಿಯ ಹಿಪ್‌ಗೆ ಬದಲಿಸಬೇಕು. ಬದಲಿಸುವ ಉಪಕರಣವೇನೋ ಇದೆ, ಹೆಸರುಗಳನ್ನೆಲ್ಲ ಅದು ಕ್ಷಣದಲ್ಲಿ ತಿದ್ದಿಕೊಡುತ್ತದೆ. ತೊಂದರೆ ಇರುವುದು ಬೇರೆ ಕಡೆ. ಎನ್‌ವಿಡಿಯಾದಲ್ಲಿ ಏಕಕಾಲಕ್ಕೆ ನಡೆಯುವ ಲೆಕ್ಕದ ಎಳೆಗಳು 32ರ ಗುಂಪಿನಲ್ಲಿ ಸಾಗುತ್ತವೆ, ಲೂಮಿಯ ಚಿಪ್‌ನಲ್ಲಿ 64ರ ಗುಂಪಿನಲ್ಲಿ. ಯಾರೋ ಪುಣ್ಯಾತ್ಮರು ಎಂದೋ ನೇರವಾಗಿ 32 ಎಂದು ಬರೆದಿಟ್ಟಿದ್ದರೆ ಪ್ರೋಗ್ರಾಂ ನಿಲ್ಲದೆ ಓಡಿ, ಗಂಭೀರವಾಗಿ ತಪ್ಪು ಉತ್ತರವನ್ನು ಕೊಡುತ್ತದೆ. ಸಾವಿರಾರು ಸಾಲುಗಳ ನಡುವೆ ಆ ಒಂದು ಸಂಖ್ಯೆಯನ್ನು ಹುಡುಕಬಲ್ಲವರಿಗೆ ರಫ್ತು ನಿಯಮ ಬದಲಾದಾಗಲೆಲ್ಲ ಬೇಡಿಕೆ ಏರುತ್ತದೆ, ಏಕೆಂದರೆ ಸಿಗುತ್ತಿದ್ದ ಚಿಪ್ ಸಿಗದಾದಾಗ ಸಂಸ್ಥೆಗಳು ಸಿಗುವ ಚಿಪ್‌ಗೆ ಹೋಗಲೇಬೇಕು. ಬರುವ ಮೊದಲೇ ಹಿಪ್ ಕಲಿಯಿರಿ.

ಪಾಸ್‌ಪೋರ್ಟಿನ ಮಾತನ್ನೂ ಹೇಳಬೇಕು. ಅಮೆರಿಕದ ಕಾನೂನಿನ ಪ್ರಕಾರ ಆ ದೇಶದೊಳಗೆ ಎದುರು ಕುಳಿತಿರುವ ವಿದೇಶಿ ಸಹೋದ್ಯೋಗಿಗೆ ನಿಯಂತ್ರಿತ ತಂತ್ರಜ್ಞಾನವನ್ನು ತಿಳಿಸಿದರೂ ಅದು ಅವರ ದೇಶಕ್ಕೆ ರಫ್ತು ಮಾಡಿದಂತೆಯೇ. ಆ ಎಚ್ಚರಿಕೆಯ ನೆರಳು ಅಮೆರಿಕದ ಯಂತ್ರಗಳನ್ನು ಕೊಂಡ ಸಂಸ್ಥೆಗಳ ಒಪ್ಪಂದಗಳ ಮೇಲೂ ಬೀಳುತ್ತದೆ. ಇರಾನಿನವರಿಗೆ ಇರುವಂಥ ತೊಡಕು ಭಾರತೀಯರಿಗಿಲ್ಲ, ಆದರೂ ಹುದ್ದೆಯ ಯಾವ ಭಾಗಕ್ಕಾದರೂ ಪೌರತ್ವದ ನಿರ್ಬಂಧವಿದೆಯೇ ಎಂದು ಸಹಿ ಹಾಕುವ ಮೊದಲು ಲಿಖಿತವಾಗಿ ಕೇಳಿ. ಇಲ್ಲಿ ನೇರವಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ನೇರವಾಗಿಯೇ ಉತ್ತರಿಸುತ್ತಾರೆ.

ಕುಟುಂಬವನ್ನು ಧಾರಾಳವಾಗಿ ಕರೆತನ್ನಿ, ಆದರೆ ಪರ್ಮಿಟ್ಟಿನ ಬಗೆಯನ್ನು ನೋಡಿಕೊಳ್ಳಿ. 2025ರ ಜೂನಿನಿಂದ, ಕೆಲಸದ ಆಧಾರದ ಪರ್ಮಿಟ್ ಇರುವವರು ಕೆಲಸ ಕಳೆದುಕೊಂಡರೆ ಮೂರು ತಿಂಗಳೊಳಗೆ ಇನ್ನೊಂದನ್ನು ಹುಡುಕಿಕೊಳ್ಳಬೇಕು; ವಿಶೇಷ ತಜ್ಞರ ಪರ್ಮಿಟ್ ಇದ್ದವರಿಗೆ ಆರು ತಿಂಗಳ ಅವಕಾಶವಿದೆ. ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 2024ರ ಅಕ್ಟೋಬರಿನಿಂದ ಐದು ವರ್ಷದಿಂದ ಎಂಟಕ್ಕೆ ಏರಿಸಿದ್ದಾರೆ. ಕಾಯಾನಿ ಇರುವ ಕೈನು ಪ್ರಾಂತ್ಯದ ಪೂರ್ವಕ್ಕೆ ರಷ್ಯಾ. 2023ರ ಕೊನೆಯಲ್ಲಿ ಮುಚ್ಚಿದ ಆ ಗಡಿಯಿಂದ ನಿತ್ಯದ ಬದುಕಿಗೆ ಭಯವೇನೂ ಇಲ್ಲ, ಆದರೆ ವಲಸೆಯ ಕಾನೂನು ಬಿಗಿಯಾಗುವುದಕ್ಕೆ ಇಲ್ಲಿನ ರಾಜಕೀಯದಲ್ಲಿ ಈಗ ಹೆಚ್ಚು ಕಾರಣ ಬೇಕಾಗುವುದಿಲ್ಲ.

ದಾಖಲೆಗಳನ್ನು ಈಗಿನಿಂದಲೇ ಸಿದ್ಧಪಡಿಸಿ. ವಿವಾಹ ಪ್ರಮಾಣಪತ್ರಕ್ಕೂ ಮಗುವಿನ ಜನನ ಪತ್ರಕ್ಕೂ ಅಪೊಸ್ಟಿಲ್ (ವಿದೇಶದಲ್ಲಿ ದಾಖಲೆ ಒಪ್ಪಿಗೆಯಾಗಲು ಬೇಕಾದ ಸರಕಾರಿ ದೃಢೀಕರಣ) ಬೇಕಾಗುತ್ತದೆ. ಅವು ಕೇರಳದವಾದರೆ ಅನಿವಾಸಿ ಕೇರಳೀಯರಿಗಾಗಿ ಇರುವ ಸರಕಾರಿ ಸಂಸ್ಥೆ ನೋರ್ಕಾ ರೂಟ್ಸ್ ಮೂಲಕ ಮಾಡಿಸಬಹುದು. ಮಂಗಳೂರಿನಲ್ಲಿ ಪಡೆದ ನಿಮ್ಮ ಪದವಿಗೂ ದೃಢೀಕರಣ ಕೇಳಿದರೆ ಅದನ್ನು ಕರ್ನಾಟಕ ಸರಕಾರದ ಕಡೆಯಿಂದಲೇ ಮಾಡಿಸಬೇಕಾಗಬಹುದು. ಎರಡು ರಾಜ್ಯಗಳ ಕಚೇರಿಗಳಿಗೆ ಅಲೆಯುವುದು ನಮ್ಮವರಿಗೆ ಹೊಸದಲ್ಲ, ಆದರೆ ಸಮಯ ಹಿಡಿಯುತ್ತದೆ. ಆಫರ್ ಪತ್ರ ಕೈಗೆ ಬರಲೆಂದು ಕಾಯಬೇಡಿ.